ಇವರು ಶುರು ಮಾಡೋದು ಯಾವಾಗ?

2025ರ ಮೇ 4, ಭಾನುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಳಗೆ ದೋಸೆ ಹೆಂಚು ಕಾಯುತ್ತಿತ್ತು, ಹೊರಗೆ ಟಿವಿ ಮುಂದೆ ನಾನು ಕಾಯುತ್ತಿದ್ದೆ. ರಿಯಾದ್‌ನಲ್ಲಿ ಮೆಕ್ಸಿಕೋದ ದೊಡ್ಡ ಸ್ಟಾರ್ ಕನೆಲೊ ಅಲ್ವಾರೆಝ್‌ಗೂ ವಿಲಿಯಂ ಸ್ಕಲ್‌ಗೂ ಸೂಪರ್ ಮಿಡಲ್‌ವೇಟ್ ತೂಕದ ಬಾಕ್ಸಿಂಗ್ ಪಂದ್ಯ. ಅಮೆರಿಕದ ಶನಿವಾರ ರಾತ್ರಿಗೆ ಹೊಂದಬೇಕಲ್ಲ, ಹಾಗಾಗಿ ಪಾಪ ಅಲ್ಲಿಯವರು ರಾತ್ರಿಯಿಡೀ ಎದ್ದು ಕೂತಿದ್ದರು. ನಮಗೆ ಮಾತ್ರ ಹದವಾದ ಹೊತ್ತು. ಅಪ್ಪ ಕಾಫಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಅಪ್ಪನಿಗೆ ಬಾಕ್ಸಿಂಗ್ ಗೊತ್ತಿಲ್ಲ. ಆದರೆ ಕುಸ್ತಿ ಗೊತ್ತು. ದಾವಣಗೆರೆಯವರು, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿಕೊಂಡೇ ಬೆಳೆದವರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೇಳಿದರು.

"ಇವರು ಶುರು ಮಾಡೋದು ಯಾವಾಗ?"

ಆಗ ಏಳನೇ ರೌಂಡ್ ನಡೆಯುತ್ತಿತ್ತು.

ನಾನು ಏನು ಹೇಳಲಿ? ಸ್ಕಲ್ ರಿಂಗಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಕನೆಲೊ ಅವನ ಹಿಂದೆ ವಾಕಿಂಗ್ ಹೊರಟವರ ಹಾಗೆ ನಡೆಯುತ್ತಿದ್ದ. ಆಗೊಮ್ಮೆ ಈಗೊಮ್ಮೆ ಒಂದು ಗುದ್ದು, ಅದೂ ಗಾಳಿಗೆ. ಹನ್ನೆರಡು ರೌಂಡ್ ಮುಗಿದ ಮೇಲೆ ಕನೆಲೊ ಗೆದ್ದ ಅಂದರು. ಗೆದ್ದಿದ್ದು ಹೌದು, ಆದರೆ ಏನು ಮಾಡಿ ಗೆದ್ದ ಅಂತ ಅಪ್ಪ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾಕ್ಸಿಂಗ್‌ನಲ್ಲಿ ಗುದ್ದುಗಳ ಲೆಕ್ಕ ಇಡುವ ಕಂಪ್ಯೂಬಾಕ್ಸ್ ಅಂತ ಒಂದು ಸಂಸ್ಥೆ ಇದೆ. ಇಬ್ಬರು ಕೂತಿರುತ್ತಾರೆ. ಒಬ್ಬೊಬ್ಬರು ಒಬ್ಬೊಬ್ಬ ಬಾಕ್ಸರ್‌ನನ್ನೇ ನೋಡುತ್ತಾ, ಪ್ರತಿ ಗುದ್ದಿಗೂ ಒಂದು ಕೀ ಒತ್ತುತ್ತಾ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಆ ದಿನ ಇಬ್ಬರೂ ಸೇರಿ ಎಸೆದ ಗುದ್ದು 445. ಅವರು ಲೆಕ್ಕ ಇಟ್ಟ ಹನ್ನೆರಡು ರೌಂಡಿನ ಪಂದ್ಯಗಳಲ್ಲೇ ಅತಿ ಕಡಿಮೆ. ಇದರಲ್ಲಿ ಕನೆಲೊ ಪಾಲು 152. ಹನ್ನೆರಡು ರೌಂಡ್ ಅಂದರೆ ಮೂವತ್ತಾರು ನಿಮಿಷ, ಭಾಗಿಸಿ ನೋಡಿ, ಹದಿನಾಲ್ಕು ಸೆಕೆಂಡಿಗೆ ಒಂದು ಗುದ್ದು. ನಮ್ಮಮ್ಮ ಅಷ್ಟು ಹೊತ್ತಿನಲ್ಲಿ ಅದಕ್ಕಿಂತ ಜಾಸ್ತಿ ಸಲ ಚಟ್ನಿ ಒಗ್ಗರಣೆಗೆ ಕೈಯಾಡಿಸಿರುತ್ತಾರೆ.

ಬೇಜಾರಿನ ಸಂಗತಿ ಏನೆಂದರೆ ಅದು ಒಂದೇ ಅಲ್ಲ. ಹಿಂದಿನ ರಾತ್ರಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ, ನಡು ರಸ್ತೆಯಲ್ಲಿ, ಝಗಮಗ ಬೋರ್ಡುಗಳ ಕೆಳಗೆ ರಿಂಗ್ ಹಾಕಿದ್ದರು. ರಯಾನ್ ಗಾರ್ಸಿಯಾ, ಡೆವಿನ್ ಹೇನಿ, ಎಲ್ಲ ದೊಡ್ಡ ಹೆಸರುಗಳೇ. ಜಾಗ ಎಂಥದ್ದು, ದುಡ್ಡು ಎಷ್ಟು! ಪಂದ್ಯ ಮಾತ್ರ ಉಪ್ಪಿಲ್ಲದ ಸಾರು. ಗಾರ್ಸಿಯಾ ಸೋತ, ಹೇನಿ ಗೆದ್ದ, ಎರಡರಲ್ಲೂ ಗುದ್ದುಗಳ ಬರ. ಹೇನಿ ಎದುರಾಳಿ ಹೋಸೆ ರಾಮಿರೆಝ್‌ನಿಂದ ದೂರ ದೂರವೇ ಓಡಾಡಿಕೊಂಡಿದ್ದ. ಹೇನಿದೂ ಒಂದು ಕಥೆ ಇದೆ. ಒಂದು ವರ್ಷ ಮುಂಚೆ ಇದೇ ಗಾರ್ಸಿಯಾ ಕೈಲಿ ಮೂರು ಸಲ ನೆಲಕ್ಕೆ ಬಿದ್ದಿದ್ದ. ಗಾರ್ಸಿಯಾ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಆ ಫಲಿತಾಂಶ ರದ್ದಾಯಿತು, ಸರಿ. ಕಾಗದದ ಮೇಲಿನ ಸೋಲು ಅಳಿಸಬಹುದು, ದವಡೆಗೆ ಆದ ನೆನಪು ಅಳಿಸುವುದು ಹೇಗೆ?

ಎರಡೂ ಕಡೆ ದುಡ್ಡು ಸುರಿದಿದ್ದವರು ಸೌದಿಯ ತುರ್ಕಿ ಅಲ್‌ಶೇಖ್. ಇನ್ನು ಮೇಲೆ ಇಂಥ ಟಾಮ್ ಅಂಡ್ ಜೆರ್ರಿ ಪಂದ್ಯ ನನಗೆ ಬೇಡ, ಒಬ್ಬ ಓಡೋದು ಇನ್ನೊಬ್ಬ ಅಟ್ಟಿಸಿಕೊಂಡು ಹೋಗೋದು ಸಾಕು ಅನ್ನುವ ಅರ್ಥದಲ್ಲಿ ಅವರೇ ಬರೆದುಕೊಂಡರು. ಅಭಿಮಾನಿಗಳಂತೂ ಬಾಕ್ಸಿಂಗ್‌ನ ತಿಥಿಯನ್ನೇ ಮಾಡಿ ಮುಗಿಸಿದರು. ಇದು ಸತ್ತಿತು, ಹೊಸಬರು ಯಾರೂ ನೋಡುವುದಿಲ್ಲ, ಕನೆಲೊ ಕಥೆ ಮುಗಿಯಿತು. ನಾನೂ ಅವತ್ತು ಒಬ್ಬ ಗೆಳೆಯನಿಗೆ ಅದನ್ನೇ ಉದ್ದಕ್ಕೆ ಬರೆದು ಕಳಿಸಿದ್ದೆ.

ನಾಲ್ಕೇ ತಿಂಗಳು. ಸೆಪ್ಟೆಂಬರ್ 13ಕ್ಕೆ ಲಾಸ್ ವೇಗಸ್‌ನ ಅಲೀಜಿಯಂಟ್ ಸ್ಟೇಡಿಯಂನಲ್ಲಿ ಅದೇ ಕನೆಲೊ, ಟೆರೆನ್ಸ್ ಕ್ರಾಫರ್ಡ್ ಎದುರು. ಒಳಗೆ 70,482 ಜನ. ನೆಟ್‌ಫ್ಲಿಕ್ಸ್ ಹೇಳಿದ ಲೆಕ್ಕದ ಪ್ರಕಾರ ಮನೆಗಳಲ್ಲಿ ನೋಡಿದವರು ನಾಲ್ಕು ಕೋಟಿಗೂ ಮೇಲೆ. ಹಾಗಾದರೆ ಆ 445 ಗುದ್ದಿನ ಬೋರು ಯಾರಿಗೆ ಏನು ಮಾಡಿತು? ಕನೆಲೊಗಂತೂ ಏನೂ ಮಾಡಲಿಲ್ಲ. ನನ್ನ ಉದ್ದದ ಮೆಸೇಜು ಫೋನಿನಲ್ಲಿ ಇನ್ನೂ ಇದೆ, ಗೆಳೆಯ ಆಗಾಗ ಅದನ್ನು ನನಗೇ ವಾಪಸ್ ಕಳಿಸುತ್ತಾನೆ.

ಅಲ್ಲಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು. ಬೋರು ಪಂದ್ಯದಿಂದ ಆಟಕ್ಕೆ ಪೆಟ್ಟು ಬೀಳುತ್ತದೆ ಅಂತ ಎಲ್ಲರೂ ಹೇಳುತ್ತೇವೆ. ಬೀಳುತ್ತದೆ. ಆದರೆ ಆ ಪೆಟ್ಟು ಬೋರು ಹೊಡೆಸಿದ ಸ್ಟಾರ್‌ಗೆ ಬೀಳುವುದು ಬಹಳ ಕಡಿಮೆ. ಹೆಸರಿಲ್ಲದವನ ಬೆನ್ನ ಮೇಲೆ ಬೀಳುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. 2015ರ ಮೇ 2, ಮೇವೆದರ್ ಮತ್ತು ಪಕಿಯಾವ್. 2009ರಿಂದ ಮಾತುಕತೆ ನಡೆದು, ಮುರಿದು, ಮತ್ತೆ ನಡೆದು, ಕೊನೆಗೆ ಇಬ್ಬರೂ ರಿಂಗಿಗೆ ಇಳಿಯುವ ಹೊತ್ತಿಗೆ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಅಮೆರಿಕದಲ್ಲಿ ಟಿವಿಯಲ್ಲಿ ನೋಡುವುದಕ್ಕೇ ಸುಮಾರು ನೂರು ಡಾಲರ್. 46 ಲಕ್ಷ ಮನೆಯವರು ದುಡ್ಡು ಕಟ್ಟಿದರು, ಅದು ಇವತ್ತಿಗೂ ದಾಖಲೆ. ನಾನು ಆಗ ಬಾಡಿಗೆ ರೂಮಿನಲ್ಲಿದ್ದೆ, ಭಾನುವಾರ ಬೆಳಿಗ್ಗೆ ಆರು ಜನ ಗೆಳೆಯರನ್ನು ಕೂಡಿಸಿ, ಇಡ್ಲಿ ವಡೆ ತರಿಸಿ, ಶತಮಾನದ ಪಂದ್ಯ ಕಣ್ರೋ ಅಂತ ದೊಡ್ಡ ಭಾಷಣ ಮಾಡಿದ್ದೆ. ಮೇವೆದರ್ ಬಂದ, ಹಗ್ಗದ ಪಕ್ಕ ಜಾರಿದ, ಭುಜ ಮೇಲೆತ್ತಿ ಗುದ್ದು ತಪ್ಪಿಸಿದ, ಬಿಗಿಯಾಗಿ ತಬ್ಬಿಕೊಂಡ, ಒಂದು ಬಲಗೈ ಕೊಟ್ಟು ಮತ್ತೆ ಜಾರಿದ. ಮೂವರು ತೀರ್ಪುಗಾರರೂ ಅವನಿಗೇ ಕೊಟ್ಟರು. ನನ್ನ ಆರು ಗೆಳೆಯರಲ್ಲಿ ಇಬ್ಬರು ಎಂಟನೇ ರೌಂಡಿಗೆ ನಿದ್ದೆ ಹೋಗಿದ್ದರು. ವಡೆ ಚೆನ್ನಾಗಿತ್ತು ಅಂತ ಮಾತ್ರ ಎಲ್ಲರೂ ಒಪ್ಪಿದರು.

ಆಮೇಲೆ ಪಕಿಯಾವ್‌ಗೆ ಮೊದಲೇ ಭುಜದ ನೋವಿತ್ತು ಅನ್ನುವುದು ಹೊರಬಿತ್ತು. ಅಮೆರಿಕದ ಜನ ಬಿಡುತ್ತಾರೆಯೇ, ನಮಗೆ ಮೋಸ ಆಗಿದೆ ಅಂತ ಕೋರ್ಟಿಗೆ ಹೋದರು. 2017ರಲ್ಲಿ ಕೇಸು ವಜಾ ಆಯಿತು. 2019ರಲ್ಲಿ ಮೇಲಿನ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸಾರಾಂಶ ಇಷ್ಟು: ನೀವು ದುಡ್ಡು ಕೊಟ್ಟಿದ್ದು ಒಂದು ಪಂದ್ಯ ನೋಡಲು, ಪಂದ್ಯ ಪೂರ್ತಿ ನಡೆದಿದೆ, ನಿರಾಸೆ ಆಗಿದ್ದರೆ ಅದಕ್ಕೆ ಪರಿಹಾರ ಇಲ್ಲ. ಬೋರು ಕಾನೂನಿನ ಪ್ರಕಾರ ಅಪರಾಧ ಅಲ್ಲ ಅಂತಾಯಿತು!

ಈಗ ಲೆಕ್ಕ ನೋಡಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೇವೆದರ್ ಆಂಡ್ರೆ ಬೆರ್ಟೊ ಜೊತೆ ಆಡಿದ. ಮಾರಾಟ ನಾಲ್ಕರಿಂದ ಐದೂವರೆ ಲಕ್ಷದ ಒಳಗೆ ಎಲ್ಲೋ ಇತ್ತು ಅಂತ ಆಗ ವರದಿಯಾಯಿತು. 46 ಲಕ್ಷದಿಂದ ಅಲ್ಲಿಗೆ. ನೋಡಿದಿರಾ, ಬೋರು ಹೊಡೆಸಿದ್ದಕ್ಕೆ ಜನ ಬುದ್ಧಿ ಕಲಿಸಿದರು ಅಂತ ನಾವೆಲ್ಲ ಕುಣಿದೆವು. ಬೆರ್ಟೊ ಗೆಲ್ಲುತ್ತಾನೆ ಅಂತ ಅವನ ಮನೆಯವರೂ ನಂಬಿರಲಿಲ್ಲ, ಅದೂ ಒಂದು ಕಾರಣ ಅನ್ನಿ. ಆದರೆ 2017ರ ಆಗಸ್ಟಿನಲ್ಲಿ ಅದೇ ಮೇವೆದರ್, ಒಂದೂ ಪ್ರೊಫೆಷನಲ್ ಬಾಕ್ಸಿಂಗ್ ಪಂದ್ಯ ಆಡದ ಕಾನರ್ ಮೆಕ್‌ಗ್ರೆಗರ್ ಎದುರು ಬಂದಾಗ 43 ಲಕ್ಷ ಮಾರಾಟ. ಎರಡು ವರ್ಷದ ಹಿಂದೆ ಕೋರ್ಟಿಗೆ ಹೋದವರಲ್ಲೂ ಕೆಲವರು ಮತ್ತೆ ನೂರು ಡಾಲರ್ ಕಟ್ಟಿರಬೇಕು, ನನಗೆ ಗುಮಾನಿ.

ಯಾಕೆ? ಮೇವೆದರ್ ಪಂದ್ಯ ಚೆನ್ನಾಗಿರುತ್ತದೆ ಅಂತ ಯಾರೂ ಟಿಕೆಟ್ ತೆಗೆದುಕೊಳ್ಳುತ್ತಿರಲಿಲ್ಲ. ಅವನು ನೋಟಿನ ಕಂತೆ ಹಿಡಿದು ಮೆರೆಯುತ್ತಿದ್ದ, ಬಾಯಿಗೆ ಬಂದದ್ದು ಮಾತಾಡುತ್ತಿದ್ದ, ಅವನಿಗೆ ಯಾರಾದರೂ ನಾಲ್ಕು ತದುಕಲಿ ಅಂತ ಕಾಯುವವರೇ ಜಾಸ್ತಿ ಇದ್ದರು. ಆ ಕಾಯುವಿಕೆಗೆ ಬೋರು ತಟ್ಟುವುದಿಲ್ಲ. ಈ ಸಲ ಆಗಲಿಲ್ಲ, ಮುಂದಿನ ಸಲ ಆಗಬಹುದು ಅಂತ ಮತ್ತೆ ದುಡ್ಡು ಕಟ್ಟುತ್ತಾರೆ. ಐವತ್ತು ಪಂದ್ಯ ಆದರೂ ಆಗಲಿಲ್ಲ.

ಇದೇ ಡಿಫೆನ್ಸ್, ಇದೇ ಜಾಣ್ಮೆ, ಆದರೆ ಬಾಯಿ ಇಲ್ಲದವನಿಗೆ ಏನಾಗುತ್ತದೆ? ಗಿಯೆರ್ಮೊ ರಿಗೊಂಡೊ. ಕ್ಯೂಬಾದವನು, 2000 ಮತ್ತು 2004ರ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ. 2013ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ನೊನಿತೊ ಡೊನೇರ್‌ನನ್ನು ಸೋಲಿಸಿದ. ಡೊನೇರ್ ಆಗ ಸುಮ್ನೆ ಯಾರೋ ಅಲ್ಲ, ಹಿಂದಿನ ವರ್ಷದ ಅತ್ಯುತ್ತಮ ಬಾಕ್ಸರ್ ಅನ್ನಿಸಿಕೊಂಡವನು. ಅಂಥವನಿಗೆ ರಿಗೊಂಡೊ ಪಾಠ ಹೇಳಿಕೊಟ್ಟ. ನಾನು ಆ ಪಂದ್ಯ ಮೂರು ನಾಲ್ಕು ಸಲ ನೋಡಿದ್ದೇನೆ, ಕಾಲಿನ ಕೆಲಸ ನೋಡಲೆಂದೇ. ಎದುರಾಳಿ ಗುದ್ದು ಎತ್ತುವ ಮೊದಲೇ ಇವನು ಆ ಜಾಗದಲ್ಲಿ ಇರುವುದಿಲ್ಲ. ಆದರೆ ಅವತ್ತು ಸಭಾಂಗಣದಲ್ಲಿ ಜನ ಬೂ ಅಂದರು. ರಿಗೊಂಡೊ ಹೆಸರೆತ್ತಿದರೆ ಟಿವಿ ಚಾನೆಲಿನವರು ವಾಂತಿ ಮಾಡಿಕೊಳ್ಳುತ್ತಾರೆ ಅನ್ನುವ ಅರ್ಥದ ಮಾತಾಡಿದವರು ಅವನ ಪಂದ್ಯ ಮಾರಬೇಕಾಗಿದ್ದ ಪ್ರಮೋಟರ್ ಬಾಬ್ ಆರಮ್ ಅವರೇ! ಆಮೇಲೆ ರಿಗೊಂಡೊ ಮಕಾವು, ಒಸಾಕಾ, ಕಾರ್ಡಿಫ್ ಅಂತ ಊರೂರು ಅಲೆದ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ ಅಂತಾರೆ, ಈ ಎತ್ತಿನ ಬಾಲ ಹಿಡಿಯಲು ಯಾರೂ ಬರಲಿಲ್ಲ. 2017ರಲ್ಲಿ ಲೊಮಚೆಂಕೊ ಜೊತೆ ದೊಡ್ಡ ಪಂದ್ಯ ಸಿಕ್ಕಿತು, ಅದೂ ಎರಡು ತೂಕದ ವರ್ಗ ಮೇಲೆ ಹೋಗಿ. ಆರು ರೌಂಡ್ ಆದ ಮೇಲೆ ಸ್ಟೂಲಿನಿಂದ ಏಳಲೇ ಇಲ್ಲ.

ವಿಲಿಯಂ ಸ್ಕಲ್ ಕಥೆ ಇನ್ನೂ ಕಷ್ಟ. ರಿಗೊಂಡೊ ಗೆದ್ದು ಬೋರು ಹೊಡೆಸಿದ, ಇವನು ಸೋತು ಬೋರು ಹೊಡೆಸಿದ. ಅದುವರೆಗೆ 23 ಪಂದ್ಯ, ಒಂದೂ ಸೋಲಿಲ್ಲ. ಕನೆಲೊನಂಥವನು ಅಪರೂಪಕ್ಕೆ ಸಿಕ್ಕಿದ್ದ, ಇಡೀ ಲೋಕ ನೋಡುತ್ತಿತ್ತು, ಆ ಮೂವತ್ತಾರು ನಿಮಿಷವನ್ನು ಓಡುವುದರಲ್ಲೇ ಕಳೆದ. ಅದೇ ವಾರಾಂತ್ಯ, ಮಾರನೇ ದಿನ ಲಾಸ್ ವೇಗಸ್‌ನಲ್ಲಿ ರಾಮೊನ್ ಕಾರ್ಡೆನಾಸ್ ಅನ್ನುವವನು ಜಪಾನಿನ ಚಾಂಪಿಯನ್ ನವೋಯಾ ಇನೂವೆ ಎದುರು ಹೋದ. ಯಾರಿಗೂ ಅವನ ಮೇಲೆ ಭರವಸೆ ಇರಲಿಲ್ಲ. ಎರಡನೇ ರೌಂಡಿನಲ್ಲಿ ಇನೂವೆಯನ್ನೇ ಕೆಡವಿಬಿಟ್ಟ! ಎಂಟನೇ ರೌಂಡಿನಲ್ಲಿ ಸೋತ, ಸರಿ. ಆದರೆ ಅವತ್ತಿನಿಂದ ಕಾರ್ಡೆನಾಸ್ ಪಂದ್ಯ ಇದೆ ಅಂದರೆ ನಾನು ನೋಡುತ್ತೇನೆ. ಸ್ಕಲ್ ಪಂದ್ಯ ಇದೆ ಅಂದರೆ ಬಟ್ಟೆ ಒಗೆಯಲು ಹೋಗುತ್ತೇನೆ.

ಉಕ್ರೇನಿನ ಹೆವಿವೇಟ್ ವ್ಲಾಡಿಮಿರ್ ಕ್ಲಿಚ್ಕೊ ಬಗ್ಗೆ ಬರೆಯದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ, ಯಾಕೆಂದರೆ ಅವನು ನನ್ನ ವಾದಕ್ಕೆ ಒಗ್ಗುವುದೂ ಇಲ್ಲ, ಬಿಡುವುದೂ ಇಲ್ಲ. ಮೊದಲು ಅವನು ಹೀಗಿರಲಿಲ್ಲ, ಮುನ್ನುಗ್ಗಿ ಹೊಡೆಯುವವನೇ. 2003ರಲ್ಲಿ ಕೋರಿ ಸ್ಯಾಂಡರ್ಸ್ ಎರಡೇ ರೌಂಡಿನಲ್ಲಿ ಮುಗಿಸಿದ. ಮರುವರ್ಷ ಲೇಮನ್ ಬ್ರೂಸ್ಟರ್ ಐದರಲ್ಲಿ. ಆಮೇಲೆ ಕೋಚ್ ಇಮ್ಯಾನುವೆಲ್ ಸ್ಟೀವರ್ಡ್ ಕೈಯಲ್ಲಿ ಬೇರೆಯೇ ಕ್ಲಿಚ್ಕೊ ತಯಾರಾದ. ಆರೂವರೆ ಅಡಿ ಆಳು, ಎಡಗೈ ಜ್ಯಾಬ್, ಅಂದರೆ ನೇರ ಗುದ್ದು, ಚಾಚಿ ಎದುರಾಳಿಯನ್ನು ದೂರ ನಿಲ್ಲಿಸುವುದು, ಹತ್ತಿರ ಬಂದರೆ ಮೇಲೆ ಬಿದ್ದು ತಬ್ಬಿಕೊಳ್ಳುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. 2008ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸುಲ್ತಾನ್ ಇಬ್ರಾಗಿಮೊವ್ ಜೊತೆ ಎರಡು ಬೆಲ್ಟುಗಳ, ಅಂದರೆ ಎರಡು ಚಾಂಪಿಯನ್ ಪಟ್ಟಗಳ, ಪಂದ್ಯ ಆಡಿ, ಬೂ ಅನ್ನಿಸಿಕೊಂಡು ಗೆದ್ದ. ಅದಾದ ಮೇಲೆ ಅಮೆರಿಕದಲ್ಲಿ ಮತ್ತೆ ಆಡಿದ್ದು 2015ರಲ್ಲಿ. ಏಳು ವರ್ಷ. ಹೆವಿವೇಟ್ ಚಾಂಪಿಯನ್ ಅಂದರೆ ಅಮೆರಿಕಕ್ಕೆ ದೇವರಿದ್ದ ಹಾಗೆ, ಆ ದೇವರು ಏಳು ವರ್ಷ ಊರಿಗೇ ಬರಲಿಲ್ಲ, ಯಾರೂ ಕರೆಯಲೂ ಇಲ್ಲ.

ಆದರೆ ಜರ್ಮನಿಯಲ್ಲಿ? 2009ರಲ್ಲಿ ಗೆಲ್ಸೆನ್‌ಕಿರ್ಖೆನ್‌ನ ಫುಟ್‌ಬಾಲ್ ಮೈದಾನದಲ್ಲಿ ಚಾಗಾಯೆವ್ ಜೊತೆ ಆಡಿದಾಗ 61,000 ಜನ. ಅದೇ ಜ್ಯಾಬ್, ಅದೇ ತಬ್ಬಿಕೊಳ್ಳುವುದು. ಟಿವಿ ಮುಂದೆ ಕೋಟಿಗಟ್ಟಲೆ. ಅವರಿಗೆ ಅವನು ಮನೆಯವನು. ಜರ್ಮನ್ ಮಾತಾಡುತ್ತಿದ್ದ, ಅಣ್ಣ ವಿಟಾಲಿ ಜೊತೆ ಜಾಹೀರಾತಿನಲ್ಲಿ ಬರುತ್ತಿದ್ದ, ಇಬ್ಬರೂ ಓದಿ ಡಾಕ್ಟರೇಟ್ ಮಾಡಿದವರು. ಮನೆ ಮಗ ಆಡುವಾಗ ಬೋರು ಅಂತ ಯಾರು ಎದ್ದು ಹೋಗುತ್ತಾರೆ? ತಮಾಷೆ ಏನೆಂದರೆ ಉಳಿದ ಲೋಕ ಅವನನ್ನು ಪ್ರೀತಿಸಿದ್ದು ಸೋತಾಗ. 2017ರ ಏಪ್ರಿಲಿನಲ್ಲಿ ವೆಂಬ್ಲಿಯಲ್ಲಿ, 90,000 ಜನರ ಎದುರು, 41ನೇ ವಯಸ್ಸಿನಲ್ಲಿ ಆಂಟನಿ ಜೋಶುವಾ ಜೊತೆ ಬಿದ್ದು ಎದ್ದು ಆಡಿದ. ಐದರಲ್ಲಿ ಇವನು ಬಿದ್ದ, ಆರರಲ್ಲಿ ಜೋಶುವಾನನ್ನು ಕೆಡವಿದ, ಹನ್ನೊಂದರಲ್ಲಿ ಮುಗಿದ. ಹದಿನೆಂಟು ಸಲ ಸತತವಾಗಿ ಬೆಲ್ಟ್ ಉಳಿಸಿಕೊಂಡಾಗ ಸಿಗದ ಚಪ್ಪಾಳೆ ಆ ಒಂದು ಸೋಲಿಗೆ ಸಿಕ್ಕಿತು.

ಬಾಕ್ಸರ್‌ಗಳನ್ನೇ ಬೈದು ಪ್ರಯೋಜನ ಇಲ್ಲ, ಅಲ್ವಾ? ಈ ಧಂಧೆಯಲ್ಲಿ ಒಂದು ಸೋಲಿಗೆ ಇರುವ ಬೆಲೆ ವಿಪರೀತ. ಸೋಲಿನ ಕಾಲಂನಲ್ಲಿ ಸೊನ್ನೆ ಇರುವವರೆಗೆ ನೀನು ನಾಳಿನ ಸ್ಟಾರ್. ಅದು ಒಂದಾದ ದಿನ ಪ್ರಮೋಟರ್ ಫೋನ್ ಎತ್ತುವುದು ನಿಧಾನ ಆಗುತ್ತದೆ. ಅಂಥ ಕಡೆ ಬುದ್ಧಿ ಇರುವವನು ಏನು ಮಾಡುತ್ತಾನೆ? ಓಡುತ್ತಾನೆ. ಇನ್ನೊಂದು, ಇವರೆಲ್ಲ ಕಲಿತು ಬಂದ ಶಾಲೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್‌ಗೆ ತೀರ್ಪುಗಾರರಿಂದ ಹಾಡುಹಗಲೇ ಅನ್ಯಾಯ ಆದ ಮೇಲೆ ಅಂಕಕ್ಕೆ ಕಂಪ್ಯೂಟರ್ ತಂದರು. ಐವರಲ್ಲಿ ಮೂವರು ತೀರ್ಪುಗಾರರು ಒಂದೇ ಸೆಕೆಂಡಿನೊಳಗೆ ಬಟನ್ ಒತ್ತಿದರೆ ಒಂದು ಅಂಕ. ಮೋಸ ತಪ್ಪಿಸಲು ತಂದಿದ್ದು, ಒಳ್ಳೆಯ ಉದ್ದೇಶವೇ. ಆದರೆ ಜೋರಾಗಿ ಹೊಡೆದರೂ ಒಂದೇ, ಮುಟ್ಟಿದರೂ ಒಂದೇ ಅಂದ ಮೇಲೆ ಹುಡುಗರು ಮುಟ್ಟಿ ಓಡುವುದನ್ನು ಕಲಿತರು. 2012ರ ಲಂಡನ್‌ವರೆಗೂ ಅದೇ ನಡೆಯಿತು. ಒಂದು ತಲೆಮಾರಿನ ಕಾಲುಗಳಲ್ಲಿ ಅದು ಉಳಿದುಬಿಟ್ಟಿದೆ.

ನಮ್ಮ ಕಬಡ್ಡಿಯಲ್ಲಿ ಇದೇ ರೋಗ ಇತ್ತು. ಮುಂದಿದ್ದ ತಂಡದ ರೇಡರ್ ಗೆರೆ ದಾಟಿ, ಸುಮ್ಮನೆ ಕೈ ಬೀಸಿ, ಮೂವತ್ತು ಸೆಕೆಂಡ್ ಕಳೆದು ವಾಪಸ್ ಬರುತ್ತಿದ್ದ. ಪ್ರೊ ಕಬಡ್ಡಿಯವರು ಡು ಆರ್ ಡೈ ರೇಡ್ ಇಟ್ಟರು, ಎರಡು ಸಲ ಖಾಲಿ ಬಂದರೆ ಮೂರನೇ ಸಲ ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಅಷ್ಟೇ. ಆಟ ಎದ್ದು ಕೂತಿತು. ಉತ್ತರ ಕರ್ನಾಟಕದ ಕಡೆ ನಿಕಾಲಿ ಕುಸ್ತಿ ಅಂತಾರೆ, ಒಬ್ಬ ಚಿತ್ ಆಗುವವರೆಗೂ ಬಿಡುವ ಹಾಗಿಲ್ಲ. ಬಾಕ್ಸಿಂಗ್‌ನಲ್ಲಿ ರೆಫರಿ ಎಚ್ಚರಿಕೆ ಕೊಡಬಹುದು, ಅಂಕ ಕಳೆಯಬಹುದು, ಆದರೆ ಓಡಿದ್ದಕ್ಕೆ ಅಂಕ ಕಳೆದದ್ದು ನಾನು ನೋಡಿರುವುದು ತೀರಾ ಅಪರೂಪ.

ಇಲ್ಲಿ ಒಬ್ಬ ಓದುಗ ಕೇಳಬಹುದು, ಡಿಫೆನ್ಸ್ ಬೋರು ಅನ್ನುವವನು ದ್ರಾವಿಡ್‌ನನ್ನು ಹೇಗೆ ಇಷ್ಟಪಟ್ಟೆ ಮಾರಾಯ? ಸರಿಯಾದ ಪ್ರಶ್ನೆ. 2008ರ ಸಿಡ್ನಿ ಟೆಸ್ಟ್‌ನಲ್ಲಿ ದ್ರಾವಿಡ್ 18 ರನ್‌ನಲ್ಲಿ ನಿಂತು ನಲವತ್ತು ಎಸೆತ ಆಡಿದರು. ಕೊನೆಗೆ ಒಂದು ರನ್ ತೆಗೆದಾಗ ಮೈದಾನವೇ ಚಪ್ಪಾಳೆ ತಟ್ಟಿತು, ಅವರು ಬ್ಯಾಟ್ ಎತ್ತಿ ತೋರಿಸಿದರು. ಆ ನಲವತ್ತು ಎಸೆತ ನನಗೆ ಬೋರು ಆಗಿರಲಿಲ್ಲ, ಉಸಿರು ಕಟ್ಟಿತ್ತು. ಎದುರಿಗೆ ಬ್ರೆಟ್ ಲೀ ಬೆಂಕಿ ಉಗುಳುತ್ತಿದ್ದ. ದ್ರಾವಿಡ್ ಅಲ್ಲೇ ನಿಂತಿದ್ದರು, ಎಲ್ಲಿಗೂ ಓಡಿರಲಿಲ್ಲ. ಅಮೆರಿಕದ ಬಾಕ್ಸರ್ ಶಕೂರ್ ಸ್ಟೀವನ್‌ಸನ್ ವಿಷಯದಲ್ಲೂ ನನಗೆ ಹಾಗೇ ಆಯಿತು. 2024ರ ಜುಲೈನಲ್ಲಿ ಸ್ವಂತ ಊರು ನ್ಯೂವರ್ಕ್‌ನಲ್ಲಿ ಅವನು ಆಡುವಾಗ ಜನ ಮಧ್ಯದಲ್ಲೇ ಎದ್ದು ಹೋದರು. ಮುಂದಿನ ವರ್ಷ ವಿಲಿಯಂ ಸೆಪೇದಾ ಎದುರು ಓಡದೆ, ಎದೆಗೆ ಎದೆ ಕೊಟ್ಟು ನಿಂತ. ಆಗಲೂ ಗುದ್ದು ತಪ್ಪಿಸಿದ, ಬಹುಪಾಲು ಡಿಫೆನ್ಸೇ. ಆದರೆ ಬೆಂಕಿಯ ಹತ್ತಿರ ನಿಂತು ತಪ್ಪಿಸುವುದು ಬೇರೆ, ಬೆಂಕಿ ಕಂಡರೆ ಬೇರೆ ಬೀದಿಗೆ ಹೋಗುವುದು ಬೇರೆ.

ಆದರೂ ನನಗೆ ನಿಜಕ್ಕೂ ಚಿಂತೆ ಇರುವುದು ನನ್ನಂಥವರ ಬಗ್ಗೆ ಅಲ್ಲ. ನಾವು ಹೋಗುವುದಿಲ್ಲ. ಬೈಯುತ್ತೇವೆ, ಮುಂದಿನ ಭಾನುವಾರ ಮತ್ತೆ ಅಲಾರಂ ಇಡುತ್ತೇವೆ. ಒಂದೇ ಸಲ ಇಣುಕಿ ನೋಡಲು ಬಂದವರ ಬಗ್ಗೆ ಚಿಂತೆ. 2024ರ ನವೆಂಬರಿನಲ್ಲಿ ಟೆಕ್ಸಾಸ್‌ನಲ್ಲಿ 58 ವರ್ಷದ ಮೈಕ್ ಟೈಸನ್‌ಗೂ 27ರ ಜೇಕ್ ಪಾಲ್‌ಗೂ ಪಂದ್ಯ ಅಂದಾಗ ನಮ್ಮ ಆಫೀಸಿನಲ್ಲಿ ಬಾಕ್ಸಿಂಗ್ ಗಂಧವೇ ಇಲ್ಲದವರೆಲ್ಲ ಶನಿವಾರ ಬೆಳಿಗ್ಗೆ ಎದ್ದು ಕೂತರು. ನೆಟ್‌ಫ್ಲಿಕ್ಸ್ ಇದೆಯಲ್ಲ, ಬೇರೆ ದುಡ್ಡು ಕೊಡುವುದಿಲ್ಲ. ಎರಡೆರಡು ನಿಮಿಷದ ಎಂಟು ರೌಂಡ್. ಟೈಸನ್ ತಗುಲಿಸಿದ ಗುದ್ದು ಬರೀ 18. ಸೋಮವಾರ ಒಬ್ಬಳು ಬಂದು, ಇದನ್ನು ನೋಡಲು ನೀನು ನಿದ್ದೆ ಕೆಡುತ್ತೀಯಾ ಅಂತ ಕೇಳಿದಳು. ಅದೇ ದಿನ, ಅದೇ ರಿಂಗಿನಲ್ಲಿ, ಅರ್ಧ ಗಂಟೆ ಮುಂಚೆ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಪ್ರಾಣ ಒತ್ತೆ ಇಟ್ಟ ಹಾಗೆ ಹೊಡೆದಾಡಿದ್ದರು. ಸೆರಾನೊ ಕಣ್ಣಿನ ಮೇಲೆ ಸೀಳಿ ರಕ್ತ ಸುರಿಯುತ್ತಿತ್ತು, ಮೂವರು ತೀರ್ಪುಗಾರರೂ ಒಂದೇ ಒಂದು ಅಂಕದ ಅಂತರ ಕೊಟ್ಟರು. ನಮ್ಮ ಹರಿಯಾಣದ ನೀರಜ್ ಗೋಯತ್ ಕೂಡ ಅವತ್ತು ಆಡಿ ಗೆದ್ದಿದ್ದ. ಅವಳು ಅದ್ಯಾವುದನ್ನೂ ನೋಡಿರಲಿಲ್ಲ, ಟೈಸನ್ ಹೊತ್ತಿಗೆ ಸರಿಯಾಗಿ ಹಾಕಿದ್ದಳಂತೆ. ಲಿಂಕ್ ಕಳಿಸಿದೆ. ಇವತ್ತಿನವರೆಗೂ ತೆರೆದಿಲ್ಲ.

ಅಪ್ಪನ ವಿಷಯ ಹಾಗಾಗಲಿಲ್ಲ. ಮೇ ತಿಂಗಳ ಆ ಬೆಳಗಿನ ನಂತರ ನಾನು ಕರೆಯಲಿಕ್ಕೇ ಹೋಗಿರಲಿಲ್ಲ. ಸೆಪ್ಟೆಂಬರ್ 14ರ ಬೆಳಿಗ್ಗೆ ತಾವೇ ಬಂದು ಕೂತರು. ಇವನು ಅವತ್ತು ವಾಕಿಂಗ್ ಹೋಗ್ತಿದ್ದನಲ್ಲ ಅವನೇ ಅಲ್ವಾ, ಅಂದರು. ಹೌದು ಅಂದೆ. ಎರಡನೇ ರೌಂಡಿಗೆ ಅವರ ಕಣ್ಣು ಎಡಗೈ ಆಟದ ಕ್ರಾಫರ್ಡ್ ಮೇಲೆ ಹೋಯಿತು. ಎರಡು ತೂಕ ಮೇಲೆ ಬಂದಿದ್ದಾನೆ ಅಂತ ಹೇಳಿದ ಮೇಲಂತೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಲ್ಲೂ ಯಾರೂ ಕೆಳಗೆ ಬೀಳಲಿಲ್ಲ, ರಕ್ತದ ಕೋಡಿ ಹರಿಯಲಿಲ್ಲ. ಆದರೂ ಅಪ್ಪ ಪ್ರತಿ ರೌಂಡಿನ ಕೊನೆಗೆ ಯಾರದು, ಯಾರದು ಅಂತ ಕೇಳುತ್ತಲೇ ಇದ್ದರು. ಹನ್ನೊಂದರಲ್ಲಿ ಕಾಫಿ ಆರಿ ತಣ್ಣಗಾಗಿತ್ತು. ಕ್ರಾಫರ್ಡ್ ಗೆದ್ದ ಅಂತ ಹೇಳಿದಾಗ ತೊಡೆ ತಟ್ಟಿದರು, ಅಖಾಡದ ಪಕ್ಕ ಕೂತವರ ಹಾಗೆ.

ಡಿಸೆಂಬರಿನಲ್ಲಿ ಊರಿಂದ ಫೋನ್ ಮಾಡಿದವರು, ಮಾತು ಮುಗಿಸುವ ಹೊತ್ತಿಗೆ ನೆನಪಾಗಿ, ಆ ಎಡಗೈಯವನ ಮುಂದಿನ ಪಂದ್ಯ ಯಾವಾಗ ಅಂತ ಕೇಳಿದರು. ಅವನು ನಿವೃತ್ತಿ ಘೋಷಿಸಿ ಆಗಷ್ಟೇ ಎರಡು ಮೂರು ದಿನ ಆಗಿತ್ತು.